ಮಳೆಗಾಲಕ್ಕೆ 'ಹತ್ತು ಕೆಲಸದ ಒಂದೇ ಪೆಟ್ಟಿಗೆ' ಎಮರ್ಜೆನ್ಸಿ ರೇಡಿಯೋ ಊರಿಗೆ ಕಳಿಸಬಹುದಾ?

ಕಳಸದ_ಮಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಇಬ್ಬರೇ ಕಳಸದ ಹತ್ತಿರ ತೋಟದ ಮನೆಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಮಳೆಗಾಲ ಬಂತೆಂದರೆ ನನಗೆ ಒಂದೇ ಚಿಂತೆ. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮೇಲೆ ಹರಿದರೆ ಹೊರನಾಡು ಕಡೆಯ ದಾರಿ ಬಂದ್. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಯಾರೂ ಹೇಳೋಕಾಗಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಹೋಗುತ್ತದೆ. ಆಮೇಲೆ ಇಲ್ಲಿ ಕೂತು ನಾನು ಎಷ್ಟು ಸಲ ಫೋನ್ ಒತ್ತಿದರೂ 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಅನ್ನೋದೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡಗಳು ಜಾರಿ, ಚಾರ್ಮಾಡಿ ಘಾಟಿ ಮುಚ್ಚಿದಾಗ ಎಷ್ಟು ಕಷ್ಟವಾಯಿತು ಅಂತ ಆ ಕಡೆಯವರಿಗೆಲ್ಲ ನೆನಪಿರುತ್ತದೆ.

ಈಗ ಆನ್‌ಲೈನ್‌ನಲ್ಲಿ ಒಂದು ವಸ್ತು ನೋಡಿದ್ದೇನೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಕೆಂಪು ಪೆಟ್ಟಿಗೆ. ರೇಡಿಯೋ, ಟಾರ್ಚು, ಓದುವ ದೀಪ, ಮೊಬೈಲ್ ಚಾರ್ಜ್ ಮಾಡೋಕೆ 2000 ಎಂಎಎಚ್ ಪವರ್ ಬ್ಯಾಂಕ್, ಮೇಲೆ ಸೋಲಾರ್ ಪ್ಯಾನಲ್, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿ, ಸೈರನ್, ದಿಕ್ಸೂಚಿ, ಎಲ್ಲಾ ಅದರಲ್ಲೇ. ಬೆಲೆ ಎರಡೂವರೆ ಸಾವಿರದ ಆಸುಪಾಸು. ಜೊತೆಗೆ ಕೈಗೆ ಬಳೆ ಥರ ಕಟ್ಟಿಕೊಳ್ಳುವ ಹಗ್ಗ, ಅದರಲ್ಲಿ ಸೀಟಿ, ಕಿಡಿ ಹೊಡೆಯುವ ಕಡ್ಡಿ, ಇನ್ನೊಂದು ದಿಕ್ಸೂಚಿ. ಕಾರಿನ ಗಾಜು ಒಡೆಯುವ ಸುತ್ತಿಗೆ ಇರುವ ಟಾರ್ಚು ಫ್ರೀ ಅಂತೆ.

ಅಪ್ಪನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಅಮ್ಮನಿಗೆ ಮಂಡಿ ನೋವು. ಮನೆಯಲ್ಲಿ ಒಂದು ಹಳೇ ಯುಪಿಎಸ್ ಇದೆ, ಒಂದು ಸಂಜೆ ದೀಪ ಉರಿಸುತ್ತದೆ, ಅಷ್ಟೇ. ಇಂಥ ಪೆಟ್ಟಿಗೆ ನಿಜವಾಗಿ ಕಷ್ಟಕಾಲಕ್ಕೆ ಆಗುತ್ತದಾ? ಆಗಲ್ಲ ಅಂದ್ರೆ ಅದೇ ದುಡ್ಡಿಗೆ ಇನ್ನೇನು ಕಳಿಸಲಿ? ಬಳಸಿ ನೋಡಿದವರು, ಒಳಗೆ ಬಿಚ್ಚಿ ನೋಡಿದವರು ಹೇಳಿ ದಯವಿಟ್ಟು.

ಸಾಗರದ_ರಿಪೇರಿ

ಸಾಗರದಲ್ಲಿ ರೇಡಿಯೋ, ಟಿವಿ, ಯುಪಿಎಸ್ ರಿಪೇರಿ ಅಂಗಡಿ ನಂದು. ಇಂಥ ಪೆಟ್ಟಿಗೆಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ, ಹೆಚ್ಚಾಗಿ ಮಗನೋ ಮಗಳೋ ಊರಿಗೆ ಕಳಿಸಿದ್ದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಒಳಗೆ ಏನಿರುತ್ತದೆ ಅಂದ್ರೆ, ಪ್ಲಾಸ್ಟಿಕ್ ಸುತ್ತಿದ ಒಂದೇ ಒಂದು ಲಿಥಿಯಂ ಸೆಲ್. ಅದಕ್ಕೆ ಬೆಸುಗೆ ಹಾಕಿದ ಎರಡು ತಂತಿ. ಒಂದು ಬೋರ್ಡು. ಹಿಡಿ ತಿರುಗಿಸಿದರೆ ನೈಲಾನ್ ಹಲ್ಲಿನ ಗಾಲಿಗಳು ಒಂದು ಪುಟ್ಟ ಜನರೇಟರ್ ತಿರುಗಿಸುತ್ತವೆ, ಅಲ್ಲಿಂದ ಆರು ಡಯೋಡ್ ದಾಟಿ ಕರೆಂಟು ಅದೇ ಸೆಲ್ಲಿಗೆ ಬರುತ್ತದೆ. ಸೋಲಾರ್ ಕೂಡ ಅದೇ ಸೆಲ್ಲಿಗೆ. ಟಾರ್ಚು, ರೇಡಿಯೋ, ಸೈರನ್, ಮೊಬೈಲ್ ಚಾರ್ಜಿಂಗ್ ಎಲ್ಲಾ ಅದೇ ಸೆಲ್ಲಿನಿಂದ. ಹೊರಗೆ ನೋಡಿದರೆ ಹತ್ತು ವಸ್ತು, ಒಳಗೆ ಇರುವ ಜೀವ ಒಂದೇ. ಆ ಸೆಲ್ ಸತ್ತರೆ ಹತ್ತೂ ಒಂದೇ ದಿನ ಸಾಯುತ್ತವೆ. ಎಮರ್ಜೆನ್ಸಿ ಸಾಮಾನಿನಲ್ಲಿ ನಾವು ಬಯಸೋದು ಇದರ ಉಲ್ಟಾ ಅಲ್ವಾ? ಒಂದು ಕೆಟ್ಟರೆ ಇನ್ನೊಂದು ಇರಬೇಕು.

ಸೆಲ್ ಯಾಕೆ ಸಾಯುತ್ತದೆ? ಪೆಟ್ಟಿಗೆ ಬಂದ ದಿನ ಎಲ್ಲರೂ ಒಂದು ಸಲ ತಿರುಗಿಸಿ ನೋಡುತ್ತಾರೆ, ಆಮೇಲೆ ಅಟ್ಟಕ್ಕೆ ಇಡುತ್ತಾರೆ. ವರ್ಷ, ಎರಡು ವರ್ಷ ಹಾಗೇ ಬಿದ್ದಿದ್ದರೆ ಸೆಲ್ ತಾನಾಗೇ ಪೂರ್ತಿ ಖಾಲಿಯಾಗುತ್ತದೆ. ಅಷ್ಟು ಕೆಳಗೆ ಇಳಿದ ಲಿಥಿಯಂ ಸೆಲ್ ಮತ್ತೆ ಮೊದಲಿನ ಹಾಗೆ ಚಾರ್ಜ್ ಹಿಡಿಯಲ್ಲ. ಇನ್ನೂ ಅಗ್ಗದ ಟಾರ್ಚುಗಳಲ್ಲಿ ಲಿಥಿಯಂ ಬದಲು ಗುಂಡಿ ಥರದ ಸಣ್ಣ ಸೆಲ್‌ಗಳು ಇರುತ್ತವೆ, ಅವು ಇನ್ನೂ ಬೇಗ ಹೋಗುತ್ತವೆ. ಮೇಲಿಂದ ನಮ್ಮ ಮಲೆನಾಡಿನ ತೇವ. ಸ್ವಿಚ್ಚಿನ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ, ಸ್ಪೀಕರ್ ಕಾಗದಕ್ಕೆ ಬೂಷ್ಟು ಬಂದಿರುತ್ತದೆ. ತಿರುಗಿಸುವ ಹಿಡಿಯನ್ನು ಮಡಚುವ ಜಾಗದಲ್ಲಿ ಒಂದು ಸಣ್ಣ ಪಿನ್ ಇದೆ ನೋಡಿ, ನನ್ನ ಹತ್ತಿರ ಬಂದವುಗಳಲ್ಲಿ ಅದು ಮುರಿದವೇ ಜಾಸ್ತಿ.

ಈಗ ಲೆಕ್ಕ. ಇಂಥ ಸಣ್ಣ ಹಿಡಿಯಿಂದ ಸುಮಾರು 2 ವ್ಯಾಟ್ ಬಂದರೆ ಒಳ್ಳೇದೇ. ಈಗಿನ 5000 ಎಂಎಎಚ್ ಫೋನಿನ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ 19 ವ್ಯಾಟ್-ಅವರ್ ಹಿಡಿಯುತ್ತದೆ, ಅಂದ್ರೆ ಒಂದು ಗಂಟೆ ಪೂರ್ತಿ 19 ವ್ಯಾಟ್ ಕೊಡುವಷ್ಟು ಶಕ್ತಿ. ದಾರಿಯಲ್ಲಿ ಏನೂ ನಷ್ಟ ಆಗಲ್ಲ ಅಂತ ಇಟ್ಟುಕೊಂಡರೂ ಒಂಬತ್ತು ಗಂಟೆಗಿಂತ ಜಾಸ್ತಿ ತಿರುಗಿಸಬೇಕು. ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಎಪ್ಪತ್ತು ದಾಟಿದ ಅಪ್ಪ, ಮಂಡಿ ನೋವಿನ ಅಮ್ಮ, ಯಾರು ತಿರುಗಿಸುತ್ತಾರೆ ಹೇಳಿ.

ಸೋಲಾರ್ ಕಥೆ ಇನ್ನೂ ಕಷ್ಟ. ಆ ಪ್ಯಾನಲ್ ಅಂದಾಜು 10 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ. ಸುಡು ಬಿಸಿಲಿನಲ್ಲಿ ಅಷ್ಟು ಜಾಗಕ್ಕೆ ಬೀಳುವ ಶಕ್ತಿಯೇ 4 ವ್ಯಾಟ್, ಅದರಲ್ಲಿ ಕರೆಂಟ್ ಆಗೋದು ಅರ್ಧ ವ್ಯಾಟ್ ಚಿಲ್ಲರೆ. ಆಷಾಢದ ಮೋಡದಲ್ಲಿ ಅದರ ಹತ್ತನೇ ಒಂದು ಭಾಗ ಬಂದರೆ ದೊಡ್ಡದು. ಪೆಟ್ಟಿಗೆಯ 2000 ಎಂಎಎಚ್ ಸೆಲ್ ತುಂಬಬೇಕಾದರೆ ನೂರು ಗಂಟೆಗೂ ಮೀರಿದ ಹಗಲು ಬೇಕು. ಕಳಸದಲ್ಲಿ ಜುಲೈ ತಿಂಗಳಲ್ಲಿ! ಅಲ್ಲಿ ಬಟ್ಟೆಯೇ ಒಣಗಲ್ಲ.

ಆದರೆ ಒಂದು ನ್ಯಾಯದ ಮಾತು. ಹಿಡಿ ತಿರುಗಿಸಿ ರೇಡಿಯೋ ಕೇಳೋದು ಆಗುವ ಕೆಲಸ. ಸಣ್ಣ ದನಿಯಲ್ಲಿ ಇಟ್ಟರೆ ರೇಡಿಯೋಕ್ಕೆ ಬೇಕಾಗೋದು ತೀರಾ ಕಡಿಮೆ, ಒಂದು ನಿಮಿಷ ತಿರುಗಿಸಿದರೆ ಒಂದು ವಾರ್ತೆ ಮುಗಿಯುವಷ್ಟು ಹೊತ್ತು ಮಾತಾಡುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ಟ್ರೆವರ್ ಬೇಲಿಸ್ ಎಂಬುವರು ಕಂಡುಹಿಡಿದ ಕೀಲಿ ರೇಡಿಯೋ ದಕ್ಷಿಣ ಆಫ್ರಿಕಾದಲ್ಲಿ ತಯಾರಾಗಿ, ಕರೆಂಟ್ ಇಲ್ಲದ ಹಳ್ಳಿಗಳಿಗೆ ಹೋಯಿತು. ಅದರಲ್ಲಿ ಶಕ್ತಿ ಕೂಡಿಡೋದು ಸೆಲ್ ಅಲ್ಲ, ಉಕ್ಕಿನ ಸುರುಳಿ ಸ್ಪ್ರಿಂಗು. ಕೀಲಿ ಕೊಟ್ಟರೆ ಅದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ರೇಡಿಯೋ ನಡೆಸುತ್ತಿತ್ತು. ಅಟ್ಟದಲ್ಲಿ ಎಷ್ಟು ದಿನ ಬಿದ್ದಿದ್ದರೂ ಸ್ಪ್ರಿಂಗಿನಲ್ಲಿ ಚಾರ್ಜ್ ಇಳಿಯೋ ಮಾತೇ ಇಲ್ಲ. ಅದು ರೇಡಿಯೋ ಒಂದನ್ನೇ ನಂಬಿಕೊಂಡು ಮಾಡಿದ್ದು, ಅದಕ್ಕೇ ನಡೆಯಿತು.

ನಿಮ್ಮ ಪೆಟ್ಟಿಗೆಯಲ್ಲಿ 'ಡಬ್ಲ್ಯೂಬಿ' ಅಂತ ಒಂದು ಸ್ವಿಚ್ಚು ಇದೆಯಾ ನೋಡಿ. ಇದ್ದರೆ ಅದು ಅಮೆರಿಕ, ಕೆನಡಾದ ಹವಾಮಾನ ರೇಡಿಯೋಗೆ. 162.400ರಿಂದ 162.550 ಮೆಗಾಹರ್ಟ್ಸ್. ಇಲ್ಲಿ ಆ ಪ್ರಸಾರವೇ ಇಲ್ಲ, ಬರೀ ಗೊರಗೊರ ಸದ್ದು. ಅಂದ್ರೆ ಆ ವಸ್ತುವನ್ನು ನಿಮ್ಮೂರಿನ ಮಳೆ ನೋಡಿ ಮಾಡಿದ್ದಲ್ಲ.

ಜೋಡುಪಾಲ_ಹತ್ತಿರ

ಸಾಗರದ ಅಣ್ಣ ಹೇಳಿದ್ದು ಸರಿ. ನಾನು ಕೊಡಗಿನವಳು, 2018ರ ಆಗಸ್ಟ್ ನೋಡಿದವಳು. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿ, ಮಡಿಕೇರಿ-ಮಂಗಳೂರು ರಸ್ತೆ ಎಲ್ಲೆಲ್ಲೋ ಕಿತ್ತುಹೋಗಿತ್ತು. ಮನೆ ಬಿಟ್ಟು ಹೊರಡಿ ಅಂದಾಗ ಯಾರಿಗೂ ಯೋಚನೆ ಮಾಡೋಕೆ ಹೊತ್ತಿರಲಿಲ್ಲ. ಅದಕ್ಕೇ ನಾನು ಈ ವಿಷಯವನ್ನು ವಸ್ತುವಿನ ಕಡೆಯಿಂದ ನೋಡಲ್ಲ, ಮನೆಯಲ್ಲಿ ಇರುವವರ ಕಡೆಯಿಂದ ನೋಡುತ್ತೇನೆ.

ರಾತ್ರಿ ಒಂಬತ್ತು ಗಂಟೆ, ಕರೆಂಟ್ ಇಲ್ಲ, ಮಳೆ ಹೊಡೀತಾ ಇದೆ. ಕೊಟ್ಟಿಗೆಯಲ್ಲಿ ದನ ಕೂಗಿತು ಅಂತ ನಿಮ್ಮ ಅಪ್ಪ ಹೊರಗೆ ಹೋಗಬೇಕು. ಕೈಗೆ ಏನು ತಗೊಳ್ತಾರೆ? ಟಾರ್ಚು. ಟಾರ್ಚು ಎಲ್ಲಿದೆ? ಆ ಕೆಂಪು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಹೋದರೆ ರೇಡಿಯೋ ಹೋಯಿತು, ಚಾರ್ಜಿಗೆ ಹಾಕಿದ್ದ ಫೋನೂ ಬಿಚ್ಚಬೇಕು, ಮನೆಯಲ್ಲಿ ಉಳಿದ ಅಮ್ಮನಿಗೆ ಕತ್ತಲೆ. ಹತ್ತು ಕೆಲಸದ ವಸ್ತುವಾದರೂ ಅದು ಒಬ್ಬರ ಕೈಯಲ್ಲಿ ಮಾತ್ರ ಇರೋಕೆ ಸಾಧ್ಯ. ಇಬ್ಬರು ಇದ್ದರೆ ಎರಡು ಟಾರ್ಚು ಬೇಕು. ಅದರಲ್ಲಿ ಒಂದು ತಲೆಗೆ ಕಟ್ಟುವಂಥದ್ದಾಗಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ನಡೆಯುವವರಿಗೆ ಟಾರ್ಚು ಹಿಡಿಯೋಕೆ ಮೂರನೇ ಕೈ ಎಲ್ಲಿಂದ ಬರಬೇಕು.

ಇನ್ನೊಂದು ವಿಷಯ, ಇದನ್ನು ಯಾವ ಪೆಟ್ಟಿಗೆಯೂ ಮಾರಲ್ಲ. ಪರಿಹಾರ ಕೇಂದ್ರದಲ್ಲಿ ಜನ ಹುಡುಕಿದ್ದು ದಿಕ್ಸೂಚಿಯನ್ನಲ್ಲ. ಬಿಪಿ, ಶುಗರ್ ಮಾತ್ರೆ. ಕನ್ನಡಕ. ಮಗಳ ಫೋನ್ ನಂಬರ್. ಫೋನ್ ಸತ್ತ ಮೇಲೆ ಯಾರ ನಂಬರೂ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಅಲ್ಲಿ ಯಾರದ್ದೋ ಫೋನ್ ಸಿಕ್ಕರೂ ಯಾವ ನಂಬರಿಗೆ ಮಾಡೋದು? ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಆಧಾರ್, ಪಹಣಿ, ಪಾಸ್‌ಬುಕ್. ಮಣ್ಣಿನಡಿ ಹೋದವರಿಗೆ ಅದನ್ನೆಲ್ಲ ಮತ್ತೆ ಮಾಡಿಸಲು ತಿಂಗಳುಗಟ್ಟಲೆ ಓಡಾಟ.

ಹಾಗಾಗಿ ಮೊದಲ ಕೆಲಸ, ಒಂದು ದಪ್ಪ ಪ್ಲಾಸ್ಟಿಕ್ ಕವರ್. ಅದರಲ್ಲಿ ಕಾಗದಪತ್ರದ ಜೆರಾಕ್ಸ್, ಹದಿನೈದು ದಿನಕ್ಕಾಗುವ ಮಾತ್ರೆ, ಡಾಕ್ಟರ ಚೀಟಿ, ಹಳೇ ಕನ್ನಡಕ, ಸ್ವಲ್ಪ ನಗದು, ಓಆರ್‌ಎಸ್ ಪೊಟ್ಟಣ, ದಪ್ಪ ಅಕ್ಷರದಲ್ಲಿ ಬರೆದ ಫೋನ್ ನಂಬರ್‌ಗಳು. ಅಪ್ಪ ಇನ್ಸುಲಿನ್ ತಗೊಳ್ಳುತ್ತಿದ್ದರೆ ಫ್ರಿಜ್ ಇಲ್ಲದಾಗ ಹೇಗೆ ಇಡಬೇಕು ಅಂತ ಡಾಕ್ಟರ ಹತ್ತಿರ ಈಗಲೇ ಕೇಳಿಕೊಳ್ಳಿ. ಕವರನ್ನು ಅಟ್ಟದಲ್ಲಿ ಇಡಬೇಡಿ, ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿ.

ಕೈಗೆ ಕಟ್ಟುವ ಆ ಹಗ್ಗದಲ್ಲಿ ಸೀಟಿ ಒಂದು ಮಾತ್ರ ನನಗೆ ಇಷ್ಟವಾಯಿತು. ಮಳೆ ಸದ್ದಿನಲ್ಲಿ ಕೂಗಿದರೆ ಪಕ್ಕದ ತೋಟಕ್ಕೂ ಕೇಳಲ್ಲ, ಸೀಟಿ ಕೇಳುತ್ತದೆ, ಗಂಟಲೂ ಉಳಿಯುತ್ತದೆ. ಆದರೆ ಅದಕ್ಕೆ ಬಳೆ ಯಾಕೆ ಬೇಕು? ಆಟದ ಸಾಮಾನಿನ ಅಂಗಡಿಯಲ್ಲಿ ಒಳ್ಳೇ ಪ್ಲಾಸ್ಟಿಕ್ ಸೀಟಿ ಸಿಗುತ್ತದೆ. ಎರಡು ತಂದು ಇಬ್ಬರ ಟಾರ್ಚಿಗೂ ದಾರದಲ್ಲಿ ಕಟ್ಟಿ.

ಚಾರಣದ_ಹುಡುಗ

ನನಗೆ ಇಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಹಲವು ಕೆಲಸ ಸೇರಿಸಿದ ವಸ್ತು ಅಂದ್ರೆ ಎಲ್ಲಾ ಆಟಿಕೆ ಅನ್ನೋ ಹಾಗೆ ಮಾತಾಡುತ್ತಿದ್ದೀರಿ. ಸ್ವಿಸ್ ಚಾಕು? 1891ರಿಂದ ಸ್ವಿಟ್ಜರ್ಲೆಂಡಿನ ಸೈನ್ಯಕ್ಕೆ ಹೋಗುತ್ತಿದೆ. ಲೆದರ್‌ಮ್ಯಾನ್? ಟಿಮ್ ಲೆದರ್‌ಮ್ಯಾನ್ 1975ರಲ್ಲಿ ಹಳೇ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಪದೇ ಪದೇ ರಿಪೇರಿ ಬಂದು, ಜೇಬಿನ ಚಾಕುವಿಗೆ ಇಕ್ಕಳ ಇದ್ದಿದ್ದರೆ ಅಂತ ಯೋಚಿಸಿ ಶುರು ಮಾಡಿದ್ದು. ನಾನು ಕುಮಾರಪರ್ವತ ಹತ್ತುವಾಗ ಅದೊಂದು ಚೀಲದಲ್ಲಿ ಇದ್ದೇ ಇರುತ್ತದೆ. ಮತ್ತೆ ಎಲ್ಲರ ಮನೆಯ ಕೀಪ್ಯಾಡ್ ಫೋನು? ಫೋನು, ಟಾರ್ಚು, ಎಫ್‌ಎಂ, ಅಲಾರಂ ಎಲ್ಲಾ ಒಂದರಲ್ಲೇ ಇದೆ. ಅದಕ್ಕಿಂತ ಒಳ್ಳೇ ಎಮರ್ಜೆನ್ಸಿ ವಸ್ತು ತೋರಿಸಿ ನೋಡೋಣ. ಇನ್ನೂ ಒಂದು ಮಾತು, ಬಿಡಿಬಿಡಿಯಾಗಿ ಹತ್ತು ತಂದರೆ ಹತ್ತೂ ಹತ್ತು ಕಡೆ ಹೋಗುತ್ತವೆ. ಒಂದೇ ಪೆಟ್ಟಿಗೆಯಾದರೆ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಿರುತ್ತದೆ.

ಸಾಗರದ_ರಿಪೇರಿ

ಒಳ್ಳೇ ಪ್ರಶ್ನೆ ಕೇಳಿದಿರಿ. ನನ್ನ ಜಗಳ ಹಲವು ಕೆಲಸ ಸೇರಿಸೋದರ ಮೇಲಲ್ಲ. ಯಾವುದನ್ನು ಯಾವುದಕ್ಕೆ ಕಟ್ಟಿ ಹಾಕಿದ್ದಾರೆ ಅನ್ನೋದರ ಮೇಲೆ. ಸ್ವಿಸ್ ಚಾಕುವಿನಲ್ಲಿ ಕತ್ತರಿ ಮುರಿದರೂ ಅಲಗು ಕೊಯ್ಯುತ್ತದೆ. ಅಲಗು ಮೊಂಡಾದರೂ ಡಬ್ಬಿ ತೆರೆಯುವ ಕೊಕ್ಕೆ ಇದೆ. ಒಂದಕ್ಕೊಂದು ಹಂಗಿಲ್ಲ. ಎಲ್ಲಕ್ಕೂ ಬೇಕಾದ ಶಕ್ತಿ ನಿಮ್ಮ ಕೈಯದ್ದು, ಅದು ಅಟ್ಟದಲ್ಲಿ ಕೂತು ಖಾಲಿಯಾಗಲ್ಲ. ಈ ಕೆಂಪು ಪೆಟ್ಟಿಗೆಯಲ್ಲಿ ಹಾಗಿಲ್ಲ. ಇದರಲ್ಲಿ ಹತ್ತೂ ಒಂದೇ ಬಾಲ್ದಿಯ ನೀರು ಕುಡಿಯುತ್ತವೆ. ಫೋನಿಗೆ ಚಾರ್ಜ್ ಕೊಟ್ಟಿದ್ದಕ್ಕೆ ರಾತ್ರಿ ಟಾರ್ಚು ಹತ್ತಲ್ಲ, ಟಾರ್ಚು ಉರಿಸಿದ್ದಕ್ಕೆ ಬೆಳಿಗ್ಗೆ ಪ್ರದೇಶ ಸಮಾಚಾರ ಸಿಗಲ್ಲ. ಕೊಳ್ಳುವ ಮೊದಲು ಯಾರೇ ಆಗಲಿ ಕೇಳಬೇಕಾದ್ದು ಇಷ್ಟೇ: ಇದರಲ್ಲಿ ಯಾವುದೋ ಒಂದು ಕೆಟ್ಟರೆ ಎಷ್ಟು ಕೆಲಸ ನಿಲ್ಲುತ್ತದೆ?

ಕೀಪ್ಯಾಡ್ ಫೋನಿನ ಮಾತು ನಾನೂ ಒಪ್ಪುತ್ತೇನೆ. ಅದರ ಬ್ಯಾಟರಿಯೂ ಒಂದೇ, ನಿಜ. ಆದರೆ ಅದು ದಿನಾ ಬಳಕೆಯಲ್ಲಿರುವ ವಸ್ತು. ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ, ಮಳೆ ರಾತ್ರಿ ಅಲ್ಲ. ಸುಮ್ನೆ ಇಟ್ಟರೆ ಚಾರ್ಜ್ ದಿನಗಟ್ಟಲೆ ನಿಲ್ಲುತ್ತದೆ. ಬ್ಯಾಟರಿ ಕೈಯಲ್ಲೇ ಬಿಚ್ಚಬಹುದು, ಇನ್ನೊಂದು ತುಂಬಿಸಿ ಇಟ್ಟುಕೊಳ್ಳಬಹುದು. ಬ್ಯಾಟರಿ ಸಣ್ಣದಾದ್ದರಿಂದ ಯಾವ ಪವರ್ ಬ್ಯಾಂಕಿನಿಂದಲೂ ಎಷ್ಟೋ ಸಲ ಚಾರ್ಜ್ ಆಗುತ್ತದೆ. ಎಫ್‌ಎಂ ಕೇಳಬೇಕಾದರೆ ಹೆಚ್ಚಿನ ಫೋನ್‌ಗಳಿಗೆ ಇಯರ್‌ಫೋನ್ ಸಿಕ್ಕಿಸಲೇಬೇಕು, ಅದರ ತಂತಿಯೇ ಆಂಟೆನಾ. ಹಾಗಾಗಿ ಇಯರ್‌ಫೋನನ್ನೂ ಜೊತೆಗೇ ಕಟ್ಟಿಡಿ.

ಎಲ್ಲಾ ಒಂದೇ ಕಡೆ ಇರಬೇಕು ಅನ್ನೋದು ಒಳ್ಳೇ ಯೋಚನೆ. ಅದಕ್ಕೆ ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬ ಸಾಕು. ಒಂದೇ ಡಬ್ಬದಲ್ಲಿ ಇರಲಿ, ಒಂದೇ ಬೋರ್ಡಿನಲ್ಲಿ ಬೇಡ.

ಇನ್ನು ಆ ಬಳೆಯ ದಿಕ್ಸೂಚಿ. ಕಿಡಿ ಹೊಡೆಯುವ ಉಕ್ಕಿನ ತುಂಡು ಮುಳ್ಳಿನ ಪಕ್ಕದಲ್ಲೇ ಇರುತ್ತದೆ. ಉಕ್ಕು ಅಷ್ಟು ಹತ್ತಿರ ಇದ್ದರೆ ಮುಳ್ಳು ಅದರ ಕಡೆಗೇ ಎಳೆಯುತ್ತದೆ. ಕಿಡಿಯಿಂದ ಬೆಂಕಿ ಹೊತ್ತಿಸೋಣ ಅಂದ್ರೆ ಮಳೆಗಾಲದಲ್ಲಿ ಒಣ ತರಗು ಎಲ್ಲಿದೆ? ಒಂದು ಲೈಟರ್, ಎರಡು ಬೆಂಕಿಪೊಟ್ಟಣ ಒಣ ಡಬ್ಬದಲ್ಲಿ ಹಾಕಿಡಿ.

ಟೆಕ್ಸಾಸ್_ಕನ್ನಡತಿ

ಅಮೆರಿಕದಿಂದ ಒಂದು ಮಾತು ಸೇರಿಸುತ್ತೇನೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬಂದಾಗ ಸುಮಾರು 45 ಲಕ್ಷ ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ನಮ್ಮ ಮನೆಯೂ ಅದರಲ್ಲಿತ್ತು. ನಮ್ಮಲ್ಲಿ ಅಂಥದೇ ಹಿಡಿ ತಿರುಗಿಸುವ ಪೆಟ್ಟಿಗೆ ಇದೆ, ಅದು ನಮಗೆ ಉಪಯೋಗಕ್ಕೆ ಬಂತು. ಕಾರಣ ಸಾಗರದವರು ಹೇಳಿದ ಅದೇ 'ಡಬ್ಲ್ಯೂಬಿ' ಸ್ವಿಚ್ಚು. ಇಲ್ಲಿ ಹವಾಮಾನ ಇಲಾಖೆಯ ಪ್ರಸಾರ ಹಗಲೂ ರಾತ್ರಿ ಆ ತರಂಗದಲ್ಲಿ ಬರುತ್ತಿರುತ್ತದೆ. ಒಳ್ಳೇ ಸೆಟ್ಟುಗಳಲ್ಲಿ ಸುಂಟರಗಾಳಿ ಎಚ್ಚರಿಕೆ ಬಂದರೆ ರೇಡಿಯೋ ತಾನೇ ಕಿರುಚಿ ಮಲಗಿದವರನ್ನು ಎಬ್ಬಿಸುತ್ತದೆ. ಆದರೆ ಫೋನ್ ಚಾರ್ಜ್ ಮಾಡೋಕೆ ನಾವು ಯಾರೂ ಆ ಹಿಡಿ ನಂಬಲಿಲ್ಲ, ಅದಕ್ಕೆ ದೊಡ್ಡ ಪವರ್ ಬ್ಯಾಂಕ್ ಇತ್ತು.

ಇಂಡಿಯಾದಲ್ಲಿ ಈಗ ಫೋನಿಗೇ ಜೋರಾಗಿ ಬೀಪ್ ಹೊಡೆಯುವ ಎಚ್ಚರಿಕೆ ಬರುತ್ತದಲ್ಲಾ, ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಮಾಡಿದಾಗ ನಮ್ಮ ಅತ್ತೆ ಗಾಬರಿಯಾಗಿ ಫೋನ್ ಮಾಡಿದ್ದರು. ಅಪ್ಪ ಅಮ್ಮನಿಗೆ ಅದು ಏನು ಅಂತ ಮೊದಲೇ ಹೇಳಿಟ್ಟಿರಿ. ಟವರ್ ಇರುವವರೆಗೆ ಅದು ಬರುತ್ತದೆ. ಟವರ್ ಹೋದ ಮೇಲೆ ಉಳಿಯೋದು ರೇಡಿಯೋ ಒಂದೇ.

ಒಂದು ಎಚ್ಚರಿಕೆ ದಯವಿಟ್ಟು ಎಲ್ಲರೂ ಓದಿ. ಆ ಹಿಮಗಾಳಿಯಲ್ಲಿ ಇಲ್ಲಿ ಎಷ್ಟೋ ಜನ ಚಳಿಗೆ ಮನೆಯೊಳಗೇ ಇದ್ದಿಲ ಒಲೆ ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕಾರ್ಬನ್ ಮಾನಾಕ್ಸೈಡ್ ವಿಷಗಾಳಿಗೆ ಸಿಕ್ಕಿದರು, ಕೆಲವರು ತೀರಿಕೊಂಡರು. ಅದಕ್ಕೆ ವಾಸನೆ ಇಲ್ಲ. ಮಲೆನಾಡಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗೋದು, ಜನರೇಟರನ್ನು ಜಗಲಿಯ ಒಳಗೆ ಇಡೋದು ಎರಡೂ ಬೇಡವೇ ಬೇಡ.

ರಿಂಗ್‌ರೋಡ್_ಡ್ರೈವರ್

ಫ್ರೀ ಕೊಡುವ ಕಾರಿನ ಸುತ್ತಿಗೆ ಟಾರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಂದು ಹುಡುಗಿಯ ಜೀವ ಹೋಯಿತಲ್ಲ, ಆಮೇಲೆ ನಮ್ಮ ಕ್ಯಾಬ್ ಡ್ರೈವರ್‌ಗಳ ಗುಂಪಿನಲ್ಲಿ ಎಲ್ಲರೂ ಇಂಥದ್ದು ತಗೊಳ್ಳೋಕೆ ಶುರು ಮಾಡಿದರು. ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಮೂರು ವಿಷಯ ಗೊತ್ತಿರಲಿ.

ಮುಂದಿನ ದೊಡ್ಡ ಗಾಜು ಲ್ಯಾಮಿನೇಟೆಡ್, ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಈ ಸುತ್ತಿಗೆಗೆ ಅದು ಬಗ್ಗಲ್ಲ. ಪಕ್ಕದ ಬಾಗಿಲಿನ ಗಾಜು ಹೆಚ್ಚಿನ ಕಾರುಗಳಲ್ಲಿ ಟೆಂಪರ್ಡ್, ಅದು ಪುಡಿಯಾಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ್ದೂ ಲ್ಯಾಮಿನೇಟೆಡ್. ಗಾಜಿನ ಮೂಲೆಯಲ್ಲಿ ಸಣ್ಣಕ್ಕೆ ಬರೆದಿರುತ್ತದೆ, ಇವತ್ತೇ ನೋಡಿಕೊಳ್ಳಿ. ಅಮೆರಿಕದ ಮೋಟಾರು ಸಂಘ 'ಎಎಎ' 2019ರಲ್ಲಿ ಆರು ಸಾಧನಗಳನ್ನು ಪರೀಕ್ಷೆ ಮಾಡಿತ್ತು. ನಾಲ್ಕು ಟೆಂಪರ್ಡ್ ಗಾಜು ಒಡೆದವು. ಲ್ಯಾಮಿನೇಟೆಡ್ ಗಾಜು ಒಂದೂ ಒಡೆಯಲಿಲ್ಲ. ಬೀಸಿ ಹೊಡೆಯುವ ಸುತ್ತಿಗೆಗಿಂತ, ಗಾಜಿಗೆ ಒತ್ತಿದರೆ ಪಟ್ ಅಂತ ಚಿಮ್ಮುವ ಸ್ಪ್ರಿಂಗ್ ಇರುವವು ಚೆನ್ನಾಗಿ ಕೆಲಸ ಮಾಡಿದವು. ನೀರು ತುಂಬಿದ ಕಾರಿನೊಳಗೆ ಕೈ ಬೀಸೋಕೆ ಆಗೋದೂ ಇಲ್ಲ.

ಎರಡನೇದು, ಹೊಡೆಯೋದು ಮಧ್ಯಕ್ಕಲ್ಲ, ಗಾಜಿನ ಮೂಲೆಗೆ. ಮೂರನೇದು ಜಾಗ. ಟಾರ್ಚು, ಪವರ್ ಬ್ಯಾಂಕ್, ಸುತ್ತಿಗೆ, ಬೆಲ್ಟ್ ಕತ್ತರಿಸುವ ಅಲಗು ಎಲ್ಲಾ ಸೇರಿಸಿದ್ದು ಉದ್ದವಾಗಿ, ಭಾರವಾಗಿ ಇರುತ್ತದೆ. ಅದು ಡಿಕ್ಕಿಗೋ ಡ್ಯಾಶ್‌ಬೋರ್ಡಿನ ಒಳಗೋ ಹೋಗುತ್ತದೆ. ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಮೇಲಾಗಿ ಬಿಸಿಲಿಗೆ ನಿಂತ ಕಾರಿನಲ್ಲಿ ಲಿಥಿಯಂ ಬ್ಯಾಟರಿ ಇಡೋದು ಒಳ್ಳೇದಲ್ಲ. ಕೀ ಬಂಚಿನಷ್ಟು ಸಣ್ಣ, ಬ್ಯಾಟರಿ ಇಲ್ಲದ, ಒಡೆಯೋದು ಮತ್ತು ಕತ್ತರಿಸೋದು ಎರಡೇ ಕೆಲಸದ್ದು ಸಿಗುತ್ತದೆ. ಅದನ್ನು ಸ್ಟೀರಿಂಗ್ ಹತ್ತಿರ ಸಿಕ್ಕಿಸಿಡಿ. ಮತ್ತೆ ನೀರು ನಿಂತ ಅಂಡರ್‌ಪಾಸಿಗೆ ಇಳಿಯಲೇಬೇಡಿ, ಎಷ್ಟು ಆಳ ಅಂತ ಮೇಲಿಂದ ಗೊತ್ತಾಗಲ್ಲ.

ಕಳಸದ_ಮಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಓದುತ್ತಾ ಅಪ್ಪ ಟಾರ್ಚು ತಗೊಂಡು ಕೊಟ್ಟಿಗೆಗೆ ಹೋಗೋದು, ಅಮ್ಮ ಕತ್ತಲಲ್ಲಿ ಕೂರೋದು ಕಣ್ಣಿಗೆ ಕಟ್ಟಿತು, ನಮ್ಮ ಮನೆಯಲ್ಲಿ ಹಾಗೇ ಆಗೋದು. ಪೆಟ್ಟಿಗೆ ಬೇಡ ಅಂತ ನಿರ್ಧಾರ ಮಾಡಿದೆ. ಕಾಗದಪತ್ರದ ಕವರ್ ಈ ಶನಿವಾರ ಹೋದಾಗ ನಾನೇ ಕೂತು ಮಾಡುತ್ತೇನೆ.

ಈಗ ಎರಡೂವರೆ ಸಾವಿರ ಇದೆ. ಸಾಗರದ ಅಣ್ಣ, ನೀವಾಗಿದ್ದರೆ ಏನು ತಗೊಳ್ಳುತ್ತಿದ್ದಿರಿ? ಕಳಸದ ಗುಡ್ಡಗಳ ಮಧ್ಯೆ ರೇಡಿಯೋ ಹಿಡಿಯುತ್ತದಾ ಅನ್ನೋದೇ ನನ್ನ ಅನುಮಾನ. ಅಪ್ಪನ ಹಳೇ ಸೆಟ್ಟು ಯಾವತ್ತೋ ಕೆಟ್ಟು ಕೂತಿದೆ.

ಸಾಗರದ_ರಿಪೇರಿ

ಮೊದಲು ಆ ಹಳೇ ಸೆಟ್ಟನ್ನು ಯಾರಿಗಾದರೂ ತೋರಿಸಿ. ಹಳೇ ಸೆಟ್ಟುಗಳಲ್ಲಿ ಬಹಳ ಸಲ ಸೆಲ್ ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿದಿರುತ್ತದೆ, ಅಷ್ಟೇ ಆಗಿರುತ್ತದೆ. ಅದನ್ನು ಉಜ್ಜಿ, ವಾಲ್ಯೂಮ್ ತಿರುಗಿಸುವ ಕಡೆ ಸ್ವಲ್ಪ ಕ್ಲೀನ್ ಮಾಡಿದರೆ ಮಾತಾಡಬಹುದು. ಆಗದಿದ್ದರೆ ಮೀಡಿಯಂ ವೇವ್ ಮತ್ತು ಎಫ್‌ಎಂ ಎರಡೂ ಇರುವ, ಸೆಲ್ ಹಾಕುವ ಸಾದಾ ರೇಡಿಯೋ ತಗೊಳ್ಳಿ. ಎರಡೂ ಯಾಕೆ ಅಂದ್ರೆ, ಎಫ್‌ಎಂ ಹೆಚ್ಚು ಕಡಿಮೆ ನೇರ ಸಾಲಿನಲ್ಲಿ ಹೋಗುವ ತರಂಗ, ಗುಡ್ಡ ಅಡ್ಡ ಬಂದರೆ ತಗ್ಗಿನ ಮನೆಗೆ ಸಿಗಲ್ಲ. ಮೀಡಿಯಂ ವೇವ್ ನೆಲ ಹಿಡಿದು ಗುಡ್ಡ ಸುತ್ತಿ ಬರುತ್ತದೆ. ಆಕಾಶವಾಣಿ ಭದ್ರಾವತಿ 675 ಕಿಲೋಹರ್ಟ್ಸ್‌ನಲ್ಲಿ, ಬೆಂಗಳೂರು 612ರಲ್ಲಿ. ಶನಿವಾರ ಹೋದಾಗ ಹಗಲಿಗೊಮ್ಮೆ, ರಾತ್ರಿಗೊಮ್ಮೆ ತಿರುಗಿಸಿ ಯಾವುದು ಸ್ಪಷ್ಟ ಬರುತ್ತದೆ ನೋಡಿ, ಆ ಜಾಗಕ್ಕೆ ಸೆಟ್ಟಿನ ಮೇಲೆ ನೇಲ್ ಪಾಲಿಶ್ ಗುರುತು ಹಾಕಿ. ಮೀಡಿಯಂ ವೇವಿಗೆ ಉದ್ದ ಕಡ್ಡಿ ಎಳೆದು ಪ್ರಯೋಜನ ಇಲ್ಲ. ಆಂಟೆನಾ ಒಳಗೇ ಇರುತ್ತದೆ, ಸೆಟ್ಟನ್ನೇ ಆ ಕಡೆ ಈ ಕಡೆ ತಿರುಗಿಸಿದರೆ ದನಿ ಏರುತ್ತದೆ.

ಟಾರ್ಚು ಎರಡು, ಒಂದು ತಲೆಗೆ ಕಟ್ಟುವಂಥದ್ದು. ಇಲ್ಲಿ ಒಂದು ಉಪಾಯ: ರೇಡಿಯೋ, ಎರಡು ಟಾರ್ಚು ಮೂರಕ್ಕೂ ಒಂದೇ ಅಳತೆಯ ಸೆಲ್ ಬೀಳುವಂತೆ ಆರಿಸಿ. ಪೆನ್ಸಿಲ್ ಸೆಲ್ ಆದರೆ ಮೂರೂ ಪೆನ್ಸಿಲ್ ಸೆಲ್ಲಿನದೇ. ಆಗ ಒಂದು ಕೆಟ್ಟರೂ ಅದರ ಸೆಲ್ ತೆಗೆದು ಇನ್ನೊಂದಕ್ಕೆ ಹಾಕಬಹುದು. ಸೆಲ್ ಕೊಳ್ಳುವಾಗ ಆಲ್ಕಲೈನ್ ಕೇಳಿ, ಬೆಲೆ ಸ್ವಲ್ಪ ಜಾಸ್ತಿ, ಆದರೆ ವರ್ಷಗಟ್ಟಲೆ ಕೂರುತ್ತದೆ. ಬಳಸದಿದ್ದಾಗ ಸೆಲ್ಲನ್ನು ಟಾರ್ಚಿನ ಒಳಗೆ ಬಿಡಬೇಡಿ, ಪಕ್ಕದಲ್ಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ.

ಪವರ್ ಬ್ಯಾಂಕ್ ಬೇರೆಯೇ ತಗೊಳ್ಳಿ, 10000 ಎಂಎಎಚ್. ಸೋಲಾರ್ ಪ್ಯಾನಲ್ ಅಂಟಿಸಿದ್ದು ಬೇಡ, ಸಾದಾ ಸಾಕು. ಅದರಲ್ಲಿ 37 ವ್ಯಾಟ್-ಅವರ್ ಇರುತ್ತದೆ, ನಷ್ಟ ಕಳೆದು ದೊಡ್ಡ ಫೋನಿಗೆ ಒಂದೂವರೆ ಸಲ ತುಂಬುತ್ತದೆ. ಕೀಪ್ಯಾಡ್ ಫೋನಿಗಾದರೆ ವಾರಗಟ್ಟಲೆ ಸಾಕು. ಅದನ್ನು ಎರಡು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಬೇಕು. ಅಮ್ಮನ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಅಮಾವಾಸ್ಯೆ ನೋಡುವ ಕಡೆ ಗುರುತು ಹಾಕಿಸಿ, ಮರೆಯಲ್ಲ.

ಇಷ್ಟಕ್ಕೆ ನಿಮ್ಮ ಎರಡೂವರೆ ಸಾವಿರ ಸರಿಹೋಗುತ್ತದೆ. ಹಳೇ ರೇಡಿಯೋ ಸರಿಯಾದರೆ ಒಂದಿಷ್ಟು ಉಳಿಯಲೂಬಹುದು, ಅದರಲ್ಲಿ ಕೀಪ್ಯಾಡ್ ಫೋನಿಗೆ ಇನ್ನೊಂದು ಕಂಪನಿಯ ಸಿಮ್ ಹಾಕಿಸಿ.

ಜೋಡುಪಾಲ_ಹತ್ತಿರ

ನಂಬರ್ ಬರೆಯುವಾಗ ಇವನ್ನೂ ಸೇರಿಸಿ: 112, ಜಿಲ್ಲಾ ಕಂಟ್ರೋಲ್ ರೂಂ 1077, ಕರೆಂಟಿನ ದೂರಿಗೆ 1912. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುತ್ತದೆ, ಅಪ್ಪನಿಗೆ ಅದನ್ನು ಹೇಳಿ. ಹತ್ತಿರದ ಎತ್ತರದ ಮನೆಯವರ ಜೊತೆಯೂ ಒಂದು ಮಾತು ಆಡಿ ಬನ್ನಿ. ರಾತ್ರಿ ಸೀಟಿ ಕೇಳಿದರೆ ಏನರ್ಥ, ಯಾರು ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಅಂತ. ಮನೆ ಹಿಂದಿನ ದರೆಯಲ್ಲಿ ಹೊಸ ಬಿರುಕು ಬಂದಿದೆಯಾ, ಒಸರುವ ನೀರು ಇದ್ದಕ್ಕಿದ್ದಂತೆ ಕೆಂಪಾಗಿದೆಯಾ, ಮರ ಓರೆಯಾಗಿದೆಯಾ ಅಂತ ಶನಿವಾರ ಬೆಳಕಿರುವಾಗಲೇ ಒಂದು ಸುತ್ತು ನೋಡಿ. ಅಂಥದ್ದು ಏನಾದರೂ ಕಂಡರೆ ಮಳೆ ಜೋರಾಗುವ ಮೊದಲೇ ಅಪ್ಪ ಅಮ್ಮನನ್ನು ಬೇರೆ ಕಡೆ ಕರೆದುಕೊಂಡು ಹೋಗಿ.